ನಡೆಯುವ ನಾಣ್ಯ

ಪರದೇಶಕ್ಕೆ ಹೊರಟವನು ಇಂದು ತಪ್ಪದೆ ಕೇಳುವ ಪ್ರಶ್ನೆ ಒಂದುಂಟು: 'ಅಲ್ಲಿ ಯಾವ ಕಾರ್ಡು ನಡೆಯುತ್ತದೆ?' ಭಟ್ಕಳ, ಹೊನ್ನಾವರ, ಕುಮಟೆಗಳ ನಮ್ಮ ಕರಾವಳಿಯಲ್ಲಿ ಈ ಪ್ರಶ್ನೆ ಅಪರೂಪದ್ದಲ್ಲ. ಭಟ್ಕಳದ ನವಾಯತ ಮನೆಗಳಿಂದ ದುಬೈಗೆ ದುಡಿಯಲು ಹೋದವರುಂಟು. ಅಮೆರಿಕೆಯಲ್ಲಿರುವ ಮಗಳ ಬಾಣಂತನಕ್ಕೆಂದು ವಿಮಾನವೇರಿದ ಹೊನ್ನಾವರ, ಕುಮಟೆಗಳ ತಾಯಂದಿರುಂಟು. ಬ್ಯಾಂಕಿನವರನ್ನು ಕೇಳಿದರೆ ಅವರು ಉತ್ತರವನ್ನು ಎರಡು ಮಾತಿನಲ್ಲಿ ಹೇಳಿ ಮುಗಿಸಿಯಾರು. ಆದರೆ ಪ್ರಶ್ನೆಯನ್ನು ಸ್ವಲ್ಪ ಕೆದಕಿ ನೋಡಿದರೆ ಅದು ಬ್ಯಾಂಕಿನ ಬಾಗಿಲನ್ನು ದಾಟಿ ನೀತಿಯ ಅಂಗಳಕ್ಕೆ ಬಂದು ನಿಲ್ಲುತ್ತದೆ. ನಮ್ಮನ್ನು ಅರಿಯದ ಊರಿನಲ್ಲಿ ನಮ್ಮ ಮಾತಿಗೆ ಬೆಲೆ ಬರುವುದು ಯಾರ ಬಲದಿಂದ? ಆ ಬಲಕ್ಕಾಗಿ ನಾವು ಯಾರಿಗೆ ಋಣಿಗಳು?

ಉತ್ತರದ ಅರ್ಧ ಭಾಗ ನಮ್ಮ ನುಡಿಯಲ್ಲಿಯೇ ಅಡಗಿದೆ. ಹಣವನ್ನು ಕುರಿತು ನಾವು 'ನಡೆಯುತ್ತದೆ' ಎನ್ನುತ್ತೇವೆ. ಮನುಷ್ಯನ ಆಚಾರಕ್ಕೂ 'ನಡೆ' ಎಂದೇ ಹೆಸರು. 'ನಾಣ್ಯ' ಎಂದರೆ ಟಂಕಸಾಲೆಯಿಂದ ಹೊರಟ ಬಿಲ್ಲೆಯೂ ಹೌದು, ಸರಕಿನ ಒಳ್ಳೆಯತನವೂ ಹೌದು, ಮನುಷ್ಯನ ಪ್ರಾಮಾಣಿಕತೆಯೂ ಹೌದು. ಇದು ಕೇವಲ ಶಬ್ದದ ಆಟವಲ್ಲ. ಅನ್ನವು ಹಸಿವನ್ನು ತಣಿಸಲು ಇನ್ನೊಬ್ಬನ ಅಪ್ಪಣೆ ಬೇಕಿಲ್ಲ. ಕಂಬಳಿಯು ಚಳಿಯನ್ನು ತಡೆಯಲು ನೆರೆಯವನ ಸಮ್ಮತಿ ಬೇಕಿಲ್ಲ. ಹಣವೊಂದೇ ಹಾಗಲ್ಲ. ಎದುರಿಗಿರುವವನು ಕೈ ಚಾಚದಿದ್ದರೆ ಅದು ಲೋಹ, ಇಲ್ಲವೆ ಕಾಗದ, ಇಲ್ಲವೆ ಪ್ಲಾಸ್ಟಿಕ್ಕಿನ ಚೂರು. ಹಣದ ಬೆಲೆ ಇರುವುದು ಕೊಡುವವನ ಕಿಸೆಯಲ್ಲಲ್ಲ, ಪಡೆಯುವವನ ಮನಸ್ಸಿನಲ್ಲಿ.

ಹದಿನಾಲ್ಕನೆಯ ಶತಮಾನದಲ್ಲಿ ನಮ್ಮ ಹೊನ್ನಾವರದ ಬಂದರಿನಲ್ಲಿ ಇಳಿದು, ಅಲ್ಲಿಯ ಸುಲ್ತಾನ ಜಮಾಲುದ್ದೀನನ ಆತಿಥ್ಯವನ್ನು ಕಂಡ ಪ್ರವಾಸಿ ಇಬ್ನ್ ಬತೂತನಿಗೆ ಈ ಸತ್ಯದ ಅನುಭವ ಚೆನ್ನಾಗಿ ಆಗಿರಬೇಕು. ಮಾಲ್ಡೀವ್ ದ್ವೀಪಗಳಲ್ಲಿ ಅವನು ಕಂಡ ಹಣ ಸಮುದ್ರದ ಕವಡೆ. ಮುಂದೆ ಎಷ್ಟೋ ವರ್ಷಗಳ ಮೇಲೆ, ಸಾವಿರಾರು ಹರದಾರಿ ದೂರದ ಆಫ್ರಿಕದ ಮಾಲಿ ರಾಜ್ಯದಲ್ಲಿಯೂ ಅದೇ ಕವಡೆ ನಡೆಯುತ್ತಿದ್ದುದನ್ನು ಅವನು ಕಂಡನು. ಚೀನದಲ್ಲಾದರೋ, ಬೆಳ್ಳಿ ಬಂಗಾರದ ನಾಣ್ಯಗಳನ್ನು ಪೇಟೆಗೆ ಒಯ್ದರೆ ಯಾರೂ ಮುಟ್ಟುವುದಿಲ್ಲ, ಮೊದಲು ಅವನ್ನು ಕಾಗದದ ಹಣವಾಗಿ ಬದಲಾಯಿಸಿಕೊಳ್ಳಬೇಕು ಎಂದು ತನ್ನ ಪ್ರವಾಸಕಥನದಲ್ಲಿ ಹೇಳಿದ್ದಾನೆ. ಒಂದು ಕಡೆ ಚಿಪ್ಪು ಹಣವಾಯಿತು, ಇನ್ನೊಂದು ಕಡೆ ಬಂಗಾರವೇ ಹಣವಾಗದೆ ಹೋಯಿತು!

ಇದೇ ಪ್ರವಾಸಿಗೆ ಆಶ್ರಯವಿತ್ತಿದ್ದ ದಿಲ್ಲಿಯ ಮಹಮದ್ ಬಿನ್ ತುಘಲಕ್, ಅವನು ಬರುವ ಕೆಲವು ವರ್ಷ ಮೊದಲು, ಸುಮಾರು ೧೩೩೦ರಲ್ಲಿ, ತಾಮ್ರ ಹಿತ್ತಾಳೆಗಳ ನಾಣ್ಯವನ್ನು ಬೆಳ್ಳಿಯ ಬೆಲೆಗೆ ನಡೆಸಹೊರಟಿದ್ದನು. ಚೀನದಲ್ಲಿ ಕಾಗದ ನಡೆಯಿತು, ದಿಲ್ಲಿಯಲ್ಲಿ ತಾಮ್ರ ನಡೆಯಲಿಲ್ಲ. ಮನೆಮನೆಯಲ್ಲಿಯೂ ಖೋಟಾ ನಾಣ್ಯ ಹುಟ್ಟಿತು. ವ್ಯಾಪಾರಿ ಹಿಂದೆ ಸರಿದನು. ಸುಲ್ತಾನನು ಬೊಕ್ಕಸದ ಬೆಳ್ಳಿ ಕೊಟ್ಟು ಆ ತಾಮ್ರವನ್ನು ಮರಳಿ ಕೊಳ್ಳಬೇಕಾಯಿತು. ಅಪ್ಪಣೆಯಿಂದ ನಾಣ್ಯವನ್ನು ಅಚ್ಚು ಹಾಕಬಹುದು. ನಂಬಿಕೆಯನ್ನು ಅಚ್ಚು ಹಾಕಲಾಗದು.

ಹಳೆಯ ಕತೆ ಬೇಡವೆಂದರೆ ನಮ್ಮ ಹಿರಿಯರ ಕಾಲದ್ದನ್ನೇ ನೋಡೋಣ. ಆಗ ದುಬೈ, ಕತಾರ, ಕುವೈತುಗಳಿಗೆ ಹೋದವನು ಹಣ ಬದಲಾಯಿಸುವ ಚಿಂತೆಯನ್ನೇ ಮಾಡಬೇಕಿರಲಿಲ್ಲ. ಅಲ್ಲಿ ನಡೆಯುತ್ತಿದ್ದುದು ನಮ್ಮ ರೂಪಾಯಿಯೇ. ಚಿನ್ನದ ಕಳ್ಳಸಾಗಣೆಯಿಂದ ವಿದೇಶೀ ವಿನಿಮಯ ಸೋರಿಹೋಗುವುದನ್ನು ತಡೆಯಲೆಂದು ೧೯೫೯ರಲ್ಲಿ ರಿಜರ್ವ್ ಬ್ಯಾಂಕು ಕೊಲ್ಲಿಯ ನಾಡುಗಳಿಗಾಗಿಯೇ ಬೇರೆ ಬಣ್ಣದ ನೋಟುಗಳನ್ನು ಹೊರಡಿಸಿತು. ಅದು ವಿಚಿತ್ರವಾದ ಹಣ. ಭಾರತದ ಮುದ್ರೆ ಹೊತ್ತು ಪರದೇಶದಲ್ಲಿ ಓಡಾಡುತ್ತಿತ್ತು, ಭಾರತದಲ್ಲಿ ಮಾತ್ರ ಚಲಾವಣೆಯಾಗುತ್ತಿರಲಿಲ್ಲ! ಕುವೈತು ೧೯೬೧ರಲ್ಲಿ, ಬಹರೈನು ೧೯೬೫ರಲ್ಲಿ ತಮ್ಮ ತಮ್ಮ ದಿನಾರುಗಳನ್ನು ಮಾಡಿಕೊಂಡುವು. ೧೯೬೬ರ ಜೂನ್ ೬ರಂದು ರೂಪಾಯಿಯ ಅಪಮೌಲ್ಯವಾಗಿ, ಡಾಲರಿಗೆ ೪.೭೬ ರೂಪಾಯಿ ಇದ್ದದ್ದು ೭.೫೦ಕ್ಕೆ ಏರಿತು. ಅದೇ ವರ್ಷ ಕತಾರವೂ ದುಬೈಯೂ ರೂಪಾಯಿಯ ಕೈ ಬಿಟ್ಟುವು. ನೋಟಿನ ಕಾಗದ ಬದಲಾಗಿರಲಿಲ್ಲ, ಬಣ್ಣ ಮಾಸಿರಲಿಲ್ಲ. ಒಪ್ಪುವವನ ಮನಸ್ಸು ಬದಲಾಗಿತ್ತು, ಅಷ್ಟೆ.

ಹಾಗಾದರೆ ಆ ಮನಸ್ಸನ್ನು ಗೆಲ್ಲುವುದು ಹೇಗೆ? ಹಿಂದಿನ ವ್ಯಾಪಾರಿಗಳಿಗೆ ಹುಂಡಿ ಇತ್ತು. ಒಂದು ಊರಿನ ಸಾಹುಕಾರ ಇನ್ನೊಂದು ಊರಿನ ಸಾಹುಕಾರನಿಗೆ ನಾಲ್ಕು ಸಾಲು ಬರೆದು ಕೊಟ್ಟರೆ ಹಣ ಹೊರಡದೆಯೇ ಹಣ ತಲುಪುತ್ತಿತ್ತು. ಕಂಡೊಡನೆ ಕೊಡಬೇಕಾದದ್ದು ದರ್ಶನಿ, ಗೊತ್ತುಪಡಿಸಿದ ಅವಧಿಯ ಮೇಲೆ ಕೊಡಬೇಕಾದದ್ದು ಮುದ್ದತಿ. ಪೇಟೆಯಲ್ಲಿ ಮರ್ಯಾದಸ್ಥನೆಂದು ಹೆಸರಾದವನ ಕೈಗೆ ಮಾತ್ರ ಹಣ ಸಲ್ಲಬೇಕೆಂಬ ಶಾಹಜೋಗ ಹುಂಡಿಯೂ ಇತ್ತು. ಅಲ್ಲಿ ನಡೆಯುತ್ತಿದ್ದುದು ಕಾಗದವಲ್ಲ, ಹೆಸರು.

ಹೆಸರು ಒಬ್ಬನ ಸೊತ್ತಲ್ಲವೆಂಬುದಕ್ಕೆ ಕುಮಟೆಯೇ ಸಾಕ್ಷಿ. ಧಾರವಾಡದ ಹತ್ತಿ ಘಟ್ಟವಿಳಿದು ಕುಮಟೆಯ ಬಂದರಿನಿಂದ ಹಡಗು ಹತ್ತುತ್ತಿದ್ದ ಕಾಲದಲ್ಲಿ, ಆ ಹತ್ತಿಗೆ ದೂರದ ಪೇಟೆಗಳಲ್ಲಿ ಈ ಊರಿನ ಹೆಸರೇ ಬಿದ್ದಿತ್ತು. ಅಮೆರಿಕದ ಅಂತರ್ಯುದ್ಧದಿಂದ ಬೆಲೆ ಏರಿದಾಗ ಕಲಬೆರಕೆಯೂ ಏರಿತು. ೧೮೬೩ರಲ್ಲಿ ಮುಂಬಯಿ ಸರಕಾರ ಹತ್ತಿಯ ಮೋಸಕ್ಕೆ ತಡೆಯಾಗಿ ಕಾಯಿದೆಯನ್ನೇ ಮಾಡಬೇಕಾಯಿತು. ಒಬ್ಬನು ಮೂಟೆಯಲ್ಲಿ ಕಸ ತುಂಬಿದರೆ ಶುದ್ಧ ಹತ್ತಿ ಮಾರುವವನ ಬೆಲೆಯೂ ಇಳಿಯುತ್ತದೆ. ನಂಬಿಕೆಯೆಂಬುದು ಊರ ಕೆರೆ. ನೀರು ಕುಡಿಯುವವರು ಎಲ್ಲರೂ, ಕೆಡಿಸಲು ಒಬ್ಬನೇ ಸಾಕು.

ಈಗ ಕಾರ್ಡಿಗೆ ಬರೋಣ. ಅದು ಹುಂಡಿಯ ಮೊಮ್ಮಗ. ಪ್ಯಾರಿಸ್ಸಿನ ಅಂಗಡಿಕಾರನಿಗೆ ಹೊನ್ನಾವರದ ನಿವೃತ್ತ ಮಾಸ್ತರರ ಪರಿಚಯವಿಲ್ಲ. ಪರಿಚಯ ಬೇಕಾಗಿಯೂ ಇಲ್ಲ. ಅವನ ಬ್ಯಾಂಕು, ನಡುವಿನ ಜಾಲ, ಮಾಸ್ತರರ ಬ್ಯಾಂಕು ಈ ಮೂವರೂ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮಾತಾಡಿಕೊಂಡು 'ಆಗಲಿ' ಎನ್ನುತ್ತಾರೆ. ಈ ಜಾಮೀನಿನ ಕೂಲಿಯನ್ನು ಅಂಗಡಿಕಾರನ ಲಾಭದಿಂದ ಮುರಿದುಕೊಳ್ಳುತ್ತಾರೆ. ಕೂಲಿ ಹೆಚ್ಚೆಂಬ ಕಾರಣದಿಂದ ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡನ್ನು ಒಪ್ಪದ ಚಿಕ್ಕ ಅಂಗಡಿಗಳು ಹಲವು ದೇಶಗಳಲ್ಲಿ ಇವೆ. ವೀಸಾ, ಮಾಸ್ಟರ್‌ಕಾರ್ಡುಗಳ ಹರಹು ದೊಡ್ಡದು. ೨೦೧೨ರಲ್ಲಿ ಹುಟ್ಟಿದ ನಮ್ಮ ರುಪೇ, ೨೦೧೯ರಲ್ಲಿ ಭೂತಾನದಲ್ಲಿಯೂ ಸಂಯುಕ್ತ ಅರಬ್ ಸಂಸ್ಥಾನದಲ್ಲಿಯೂ ಕಾಲಿಟ್ಟಿತು.

ದುಬೈಗೆ ಹೊರಟಿದ್ದ ಹಳೆಯ ವಿದ್ಯಾರ್ಥಿಯೊಬ್ಬ ನನ್ನನ್ನು ಕೇಳಿದ್ದುಂಟು: 'ಸರ್, ನಮ್ಮ ದೇಶದ ಕಾರ್ಡು ಇರುವಾಗ ಪರದೇಶದವರದನ್ನು ಹಿಡಿದುಕೊಂಡು ಹೋಗುವುದು ಸರಿಯೇ?' ಪ್ರಶ್ನೆ ಹುಡುಗತನದ್ದಲ್ಲ. ಸ್ವದೇಶಿಯ ಅಭಿಮಾನ ದೊಡ್ಡದು. ಆದರೆ ಅಭಿಮಾನ ನಮ್ಮದು, ಒಪ್ಪಿಗೆ ಅವರದು. ನಮ್ಮದನ್ನು ಒಪ್ಪುವಲ್ಲಿ ನಮ್ಮದನ್ನೇ ಬಳಸೋಣ. ಒಪ್ಪದಲ್ಲಿ ಅದನ್ನು ಅವಮಾನವೆಂದು ತಿಳಿಯುವುದು ಬೇಡ. ಕೊಲ್ಲಿಯ ನಾಡಿನ ಹಳೆಯ ರೂಪಾಯಿ ಕಲಿಸಿದ ಪಾಠವಿದು. ವಿವೇಕಿಯಾದವನು ಎರಡು ಬೇರೆ ಬೇರೆ ಜಾಲಗಳ ಕಾರ್ಡುಗಳನ್ನು ಎರಡು ಬೇರೆ ಚೀಲಗಳಲ್ಲಿ ಇಟ್ಟುಕೊಂಡು, ಕೈಯಲ್ಲಿ ಆ ದೇಶದ ಸ್ವಲ್ಪ ನಗದನ್ನೂ ಹಿಡಿದು ಹೊರಡುತ್ತಾನೆ. ೨೦೨೦ರಲ್ಲಿ ಜಾರಿಗೆ ಬಂದ ರಿಜರ್ವ್ ಬ್ಯಾಂಕಿನ ನಿಯಮದಂತೆ ಹೊಸ ಕಾರ್ಡು ಕೈಗೆ ಬರುವಾಗ ವಿದೇಶದ ಬಳಕೆಗೆ ತೆರೆದಿರುವುದಿಲ್ಲ. ಬ್ಯಾಂಕಿಗೆ ತಿಳಿಸಿ ತೆರೆಸಿಕೊಳ್ಳಬೇಕು. ಅಲ್ಲಿಯ ಯಂತ್ರ 'ರೂಪಾಯಿಯಲ್ಲಿಯೋ, ಇಲ್ಲಿಯ ಹಣದಲ್ಲಿಯೋ?' ಎಂದು ಕೇಳಿದರೆ ಅಲ್ಲಿಯ ಹಣದಲ್ಲಿಯೇ ಕೊಡುವುದು ಲೇಸು. ರೂಪಾಯಿಯ ಲೆಕ್ಕದ ಸೌಕರ್ಯಕ್ಕೆ ಸಾಮಾನ್ಯವಾಗಿ ದಂಡ ತೆರಬೇಕಾಗುತ್ತದೆ.

ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೂ ಒಂದು ಮಾತು ಉಳಿಯುತ್ತದೆ. ಉಕ್ರೇನಿನ ಯುದ್ಧ ಮೊದಲಾದ ಮೇಲೆ, ೨೦೨೨ರ ಮಾರ್ಚಿಯಲ್ಲಿ, ವೀಸಾ ಮತ್ತು ಮಾಸ್ಟರ್‌ಕಾರ್ಡ್ ಸಂಸ್ಥೆಗಳು ರಷ್ಯದಿಂದ ಹಿಂದೆ ಸರಿದಾಗ, ಆ ದೇಶದ ಬ್ಯಾಂಕುಗಳು ಕೊಟ್ಟ ಆ ಕಾರ್ಡುಗಳು ಪರದೇಶದಲ್ಲಿ ನಿಂತುಹೋದುವು. ಯುದ್ಧವನ್ನು ಬಯಸಿದವನ ಕಾರ್ಡೂ ನಿಂತಿತು, ಬಯಸದವನದೂ ನಿಂತಿತು. ಅದು ನ್ಯಾಯವೋ ಅನ್ಯಾಯವೋ ಎಂಬ ವಾದ ಬೇರೆ. ಕಾರ್ಡು ನಡೆದಾಗ ಆ ಯೋಗ್ಯತೆ ಪೂರ್ತಿ ನಮ್ಮದಲ್ಲ, ನಿಂತಾಗ ಆ ದೋಷವೂ ಪೂರ್ತಿ ನಮ್ಮದಲ್ಲ ಎಂಬುದಂತೂ ಇದರಿಂದ ಸ್ಪಷ್ಟವಾಗುತ್ತದೆ.

ಆದರೂ ನಾವು ಮರೆಯುತ್ತೇವೆ. ಕಾರ್ಡನ್ನು ಒಪ್ಪಿದ್ದನ್ನು ನಮ್ಮನ್ನೇ ಒಪ್ಪಿದ್ದೆಂದು ಭಾವಿಸುತ್ತೇವೆ. ಎಲ್ಲೆಡೆ ನಡೆಯುವ ಕಾರ್ಡು ಇದ್ದವನು ಮೇಲಿನವನು, ಎಣಿಸಿದ ನೋಟುಗಳನ್ನು ಹಿಡಿದು ಸಾಲಿನಲ್ಲಿ ನಿಂತ ಕೂಲಿಗಾರ ಕೆಳಗಿನವನು ಎಂಬ ಭ್ರಮೆ ನಮ್ಮೊಳಗೆ ನುಸುಳುತ್ತದೆ. ಯಂತ್ರ ಪರೀಕ್ಷಿಸುವುದು ಖಾತೆಯನ್ನು. ನಾಣ್ಯವಾದ ಮನುಷ್ಯ ಯಾರೆಂದು ಹೇಳುವ ಯಂತ್ರ ಇನ್ನೂ ಬಂದಿಲ್ಲ. ಊರು ಬಿಟ್ಟು ದುಡಿದು ಪ್ರತಿ ತಿಂಗಳೂ ಮನೆಗೆ ಹಣ ಕಳಿಸುವವನ ನಡೆಯಿಂದಲೇ ಆ ನಾಡುಗಳಲ್ಲಿ ನಮ್ಮೂರಿನವರ ಮಾತಿಗೆ ಬೆಲೆ ಬಂದಿರುವುದು. ಹಿಂದೆ ಹೋದ ಸಾವಿರಾರು ಅಪರಿಚಿತರು ಸಾಲ ತೀರಿಸಿದ್ದರಿಂದ, ಮಾತು ಉಳಿಸಿಕೊಂಡದ್ದರಿಂದ ನಮಗೆ ಇಂದು ಬಾಗಿಲು ತೆರೆಯುತ್ತದೆ. ಆ ಋಣವನ್ನು ಅವರಿಗೆ ತೀರಿಸಲಾಗದು. ನಮ್ಮ ಹಿಂದೆ ಬರುವವರಿಗೆ ತೀರಿಸಬೇಕು.

ತೀರಿಸಲು ಪರದೇಶಕ್ಕೇ ಹೋಗಬೇಕೆಂದಿಲ್ಲ. ಕುಮಟಾ ತಾಲೂಕಿನ ಗೋಕರ್ಣಕ್ಕೆ ಎಲ್ಲೆಲ್ಲಿಂದಲೋ ಪ್ರವಾಸಿಗಳು ಬರುತ್ತಾರೆ. ಮೊಬೈಲಿನ ಯುಪಿಐ ನಮಗೆ ಉಸಿರಾಟದಷ್ಟು ಸಹಜವಾಗಿದೆ. ಬಂದವರಲ್ಲಿ ಹಲವರಿಗೆ ಅದು ಇಲ್ಲ. ತನ್ನ ಊರಿನಲ್ಲಿ ಎಲ್ಲೆಡೆ ನಡೆಯುವ ಕಾರ್ಡನ್ನು ಹಿಡಿದು, ಒಂದು ಎಳನೀರಿನ ಮುಂದೆ ಅವನು ಸಪ್ಪೆ ಮುಖ ಮಾಡಿ ನಿಂತಾಗ, 'ಕುಡಿಯಿರಿ, ಚಿಲ್ಲರೆ ಸಿಕ್ಕಾಗ ಕೊಡಿ' ಎನ್ನುವ ಅಂಗಡಿಯವನು ಯಾವ ಜಾಲಕ್ಕೂ ಸೇರಿದವನಲ್ಲ. ಅವನಿಗೆ ಜಾಮೀನು ನಿಂತವರೂ ಯಾರಿಲ್ಲ. ಎಲ್ಲೆಡೆ ನಡೆಯುವ ಕಾರ್ಡನ್ನು ಆರಿಸುವುದು ಜಾಣತನ, ಅದು ಇರಲಿ. ಆದರೆ ಆ ಕಾರ್ಡು ಯಾವ ನಂಬಿಕೆಯ ಮೇಲೆ ನಿಂತಿದೆಯೋ ಆ ನಂಬಿಕೆ ಹುಟ್ಟುವುದು ಇಂಥ ಅಂಗಡಿಗಳ ಮುಂದೆ, ದಿನಕ್ಕೆ ಒಂದೊಂದು ಎಳನೀರಿನಷ್ಟು.