ದುಬೈ ತೋರಿಸುವವರು

ಕುಂದಾಪುರದ ನಮ್ಮ ಮನೆಯಲ್ಲಿ ಒಂದು ರಾತ್ರಿ ದುಬೈ ಶ್ರೀಮಂತರ ಬದುಕು ತೋರಿಸುವ ನೆಟ್‌ಫ್ಲಿಕ್ಸಿನ ರಿಯಾಲಿಟಿ ಶೋ ‘ದುಬೈ ಬ್ಲಿಂಗ್’ ಹಾಕಿಕೊಂಡು ಕೂತಿದ್ದೆವು. ಪಾತ್ರೆ ವಾಪಸು ಕೊಡಲು ಬಂದ ಪಕ್ಕದ ಮನೆಯ ಅಕ್ಕ ಬಾಗಿಲಲ್ಲೇ ನಿಂತುಬಿಟ್ಟರು. ಟಿವಿಯಲ್ಲಿ ಬುರ್ಜ್ ಖಲೀಫಾ ಮಿನುಗುತ್ತಿತ್ತು. “ನಮ್ಮ ಮಾಣಿ ಇಪ್ಪುದ್ ಇಲ್ಲೇ ಅಲ್ದಾ?” ಎಂದರು.

ಹೌದು, ಇಲ್ಲೇ. ಆದರೆ ಅವರ ಮಗ ಇರುವುದು ಸೋನಾಪುರದ ಲೇಬರ್ ಕ್ಯಾಂಪಿನಲ್ಲಿ, ಆರು ಜನ ಮಲಗುವ ಕೋಣೆಯಲ್ಲಿ. ದುಡಿಯುವುದು ಕಟ್ಟಡದ ಕೆಲಸದಲ್ಲಿ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯ ತನಕ ಯಾರನ್ನೂ ಬಿಸಿಲಲ್ಲಿ ದುಡಿಸಬಾರದೆಂದು ಅಲ್ಲಿ ಸರ್ಕಾರವೇ ನಿಯಮ ಮಾಡಿದೆ, ಅಂಥ ಬಿಸಿಲು. ಇದಾವುದೂ ತಾಯಿಗೆ ಗೊತ್ತಿಲ್ಲ. ರಜೆಯ ದಿನ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ದುಬೈ ಮಾಲಿಗೆ ಹೋಗುತ್ತಾನೆ, ಕಾರಂಜಿಗೆ ಬೆನ್ನು ಕೊಟ್ಟು ನಿಂತು ಬೋಟಿಮ್ ಆ್ಯಪ್‌ನಲ್ಲಿ ವಿಡಿಯೊ ಕಾಲ್ ಮಾಡುತ್ತಾನೆ. ಊರಿಗೆ ಬಂದಾಗ ನನ್ನೊಬ್ಬನ ಹತ್ತಿರ ಇದನ್ನು ಹೇಳಿಕೊಂಡಿದ್ದ.

ಅವನ ನೆನಪಾಗುವವರೆಗೆ ನನಗೆ ಆ ಕಾರ್ಯಕ್ರಮದ ಶ್ರೀಮಂತರ ಮೇಲೆ ಬರೀ ಅಸಹನೆಯಿತ್ತು. 2022ರಲ್ಲಿ ಶುರುವಾದ ಅದರಲ್ಲಿ ಬರುವವರೂ ಬಹುಪಾಲು ವಲಸೆ ಬಂದವರೇ. ರೇಡಿಯೊದ ಕ್ರಿಸ್ ಫೇಡ್ ಆಸ್ಟ್ರೇಲಿಯಾದಿಂದ ಬಂದವರು. ಮನೆ, ಜಾಗ ಮಾರುವ ವ್ಯವಹಾರದ ಝೀನಾ ಖೌರಿ ಲೆಬನಾನಿನವರು. ಸಫಾ ಸಿದ್ದಿಕಿಯ ಮೂಲ ಇರಾಕ್. ಲೆಬನಾನ್ 1975ರಿಂದ 1990ರವರೆಗೆ ಅಂತರ್ಯುದ್ಧದಲ್ಲಿ ಬೆಂದ ದೇಶ. ಇರಾಕಿನ ಪಾಡು ಹೇಳಲೇಬೇಕಿಲ್ಲ. ಅಂಥ ನಾಡುಗಳಿಂದ ಒಂದು ಕುಟುಂಬ ಹೊರಡುವಾಗ ಏನನ್ನು ಬಿಟ್ಟು ಬಂದಿರಬಹುದು? ಟಿವಿಗೆ ಅದರ ಮೇಲೆ ಹೆಚ್ಚು ಹೊತ್ತು ನಿಲ್ಲುವ ತಾಳ್ಮೆ ಇಲ್ಲ. ಅದಕ್ಕೆ ಉಡುಪು ಬೇಕು, ಪಾರ್ಟಿ ಬೇಕು, ಜಗಳ ಬೇಕು. ನೋಡುವವರಿಗೆ ಆ ಸಿರಿ ಮರಳಿನಲ್ಲಿ ತಾನಾಗಿ ಮೊಳೆತದ್ದು ಅನ್ನಿಸಿಬಿಡುತ್ತದೆ.

ದುಬೈ ಇರುವ ದೇಶದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಜನ ಹೊರಗಿನವರು. ಎಷ್ಟೇ ಹಣವಂತರಾದರೂ ಹೆಚ್ಚಿನವರು ವೀಸಾದ ಮೇಲೆ ನಿಂತವರು, ದಿನಾಂಕ ಮುಗಿದರೆ ಅದನ್ನು ನವೀಕರಿಸಬೇಕು. ಆ ಅಳುಕು ಬಂಗಲೆಯಲ್ಲೂ ಇದ್ದೀತು, ಕ್ಯಾಂಪಿನ ಬಂಕಿನ ಮೇಲೂ ಇದ್ದೀತು. ಅದು ತೆರೆಗೆ ಬಂದಿದ್ದರೆ ಆ ಶ್ರೀಮಂತರನ್ನು ನಾನು ಇಷ್ಟು ಸುಲಭವಾಗಿ ಹಳಿಯುತ್ತಿರಲಿಲ್ಲ.

ಊರು ಬಿಟ್ಟವನ ಡೌಲಿನಲ್ಲಿ “ನಾನು ಚೆನ್ನಾಗಿದ್ದೇನೆ” ಎಂಬ ಉತ್ತರ ಇರುತ್ತದೆ. ಕೇಳಿದವರು ಎಲ್ಲೋ ದೂರದಲ್ಲಿ, ಫೋನಿನ ಆಚೆ ಬದಿ ಇರುತ್ತಾರೆ. ಕಾರಂಜಿಯ ಮುಂದೆ ನಿಲ್ಲುವ ಹುಡುಗ ಮಾಡುವುದೂ ಅದನ್ನೇ, ಆದರೆ ತಾಯಿ ನಿದ್ದೆ ಮಾಡಲಿ ಎಂದು ಮಾಡುತ್ತಾನೆ. ಟಿವಿ ಉತ್ತರವನ್ನಷ್ಟೇ ಎತ್ತಿಕೊಂಡು ಕೇಳಿದವರನ್ನು ಹೊರಗಿಡುತ್ತದೆ. ನನಗೆ ನೋವಾಗುವುದು ಅಲ್ಲಿ.

ಅಷ್ಟರಲ್ಲಿ ತೆರೆಯ ಮೇಲೆ ರಸ್ತೆ ಬಂತು. ಅಕ್ಕ ಪಾತ್ರೆ ಕೆಳಗಿಟ್ಟು ಟಿವಿಯ ಹತ್ತಿರಕ್ಕೇ ಬಂದರು. ನಡುವೆ ಹೊಳೆಯುತ್ತಿದ್ದ ಕಾರಿನ ಮೇಲೆ ಅವರ ಕಣ್ಣಿರಲಿಲ್ಲ. ಅಂಚಿನಲ್ಲಿ ಮಸುಕಾಗಿ ನಡೆದುಹೋಗುತ್ತಿದ್ದವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು.