ಕಾವಲು ಯಾರ ಕೆಲಸ?

ನೆರೆಮನೆಯವರ ಹುಲ್ಲಿನ ಬಣವೆ ಅವರ ಒಲೆಗೆ ತೀರಾ ಹತ್ತಿರವಿದೆ ಎಂದುಕೊಳ್ಳಿ. ನೀವು ಹೋಗಿ ಹೇಳುತ್ತೀರಾ? ಅಥವಾ ‘ಊರ ಉಸಾಬರಿ ನಮಗೇಕೆ?’ ಎಂದು ಸುಮ್ಮನಿರುತ್ತೀರಾ? ನಮ್ಮಲ್ಲಿ ಹೆಚ್ಚಿನವರು ಸುಮ್ಮನಿರುತ್ತೇವೆ. ಅದಕ್ಕೆ ಸಭ್ಯತೆ ಎಂಬ ಹೆಸರನ್ನೂ ಕೊಡುತ್ತೇವೆ. ಅದು ನಿಜವಾಗಿಯೂ ಸಭ್ಯತೆಯೇ?

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳನ್ನು ಬಲ್ಲವರಿಗೆ ಈ ಪ್ರಶ್ನೆಯ ಬಿಸಿ ಗೊತ್ತು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆ ಅದು. ಸಂಕ್ರಾಂತಿ ಕಳೆಯಿತೆಂದರೆ ಬಯಲಿನ ಹುಲ್ಲೆಲ್ಲ ಒಣಗಿ ನಿಲ್ಲುತ್ತದೆ. ಕಂಬಳಿ ನೇಯುವವರ ಕುರಿಗಳಿಗೂ, ಮ್ಯಾಸಬೇಡರ ಕಿಲಾರಿಗಳು ಭಕ್ತಿಯಿಂದ ಕಾಯುವ ದೇವರ ಎತ್ತುಗಳಿಗೂ, ಕೃಷ್ಣಮೃಗಗಳಿಗೂ ಆ ಒಣಹುಲ್ಲೇ ಆಸರೆ. ಒಂದು ಬೀಡಿಯ ತುಂಡು ಸಾಕು, ಬೇಸಿಗೆಯ ಮೇವು ಮಧ್ಯಾಹ್ನದೊಳಗೆ ಬೂದಿ.

ಅಲ್ಲಿಯ ವರವು ಕಾವಲ್ ಎಂಬ ಹೆಸರನ್ನು ಗಮನಿಸಿ. ಕಾವಲ್ ಎಂದರೆ ಕಾಯ್ದಿಟ್ಟ ಹುಲ್ಲುಗಾವಲು. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯ ದನಗಳ ಪಡೆಗೆ ಟಿಪ್ಪು ಸುಲ್ತಾನ ‘ಅಮೃತಮಹಲ್’ ಎಂದು ಹೆಸರಿಟ್ಟ. ಆ ದನಗಳಿಗಾಗಿ ಮೀಸಲಿಟ್ಟ ಬಯಲುಗಳೇ ಈ ಕಾವಲುಗಳು. ಅವನ್ನು ಕಾಯಲು ಸರ್ಕಾರದ ಕಾವಲುಗಾರರಿದ್ದರು. ಈಗ ವರವು ಕಾವಲಿನ 4,290 ಎಕರೆಯಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ವಿಮಾನ ಪರೀಕ್ಷಾ ಕೇಂದ್ರವಿದೆ. ಅದು ಉದ್ಘಾಟನೆಯಾದದ್ದು 2017ರ ಮೇ ತಿಂಗಳಲ್ಲಿ. ‘ನಮ್ಮ ದನ ಮೇಯುತ್ತಿದ್ದ ಜಾಗ ಹೋಯಿತು, ಉಳಿದದ್ದನ್ನು ಬೇಕಾದವರು ಕಾಯಲಿ’ ಎಂದು ಯಾರಾದರೂ ಅಂದರೆ ಆ ನೋವು ಸುಳ್ಳಲ್ಲ. ಆದರೆ ಬೆಂಕಿಗೆ ಪಹಣಿ ಓದಲು ಬರುವುದಿಲ್ಲ. ಉಳಿದದ್ದು ಕಡಿಮೆಯಾದಷ್ಟೂ ಅದರ ಬೆಲೆ ಹೆಚ್ಚು.

‘ಇದಕ್ಕೆಲ್ಲ ಇಲಾಖೆ ಇದೆಯಲ್ಲ’ ಎನ್ನುತ್ತೀರಿ. ಇದೆ. ಅದರ ಸಿಬ್ಬಂದಿ ಪ್ರಾಣವನ್ನೂ ಕೊಟ್ಟಿದ್ದಾರೆ. 2017ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಒಬ್ಬ ಅರಣ್ಯ ರಕ್ಷಕ ಕಾಳ್ಗಿಚ್ಚಿಗೆ ಬಲಿಯಾದರು. 2019ರ ಫೆಬ್ರುವರಿಯಲ್ಲಿ ಅದೇ ಬಂಡೀಪುರ ಮತ್ತೆ ಹೊತ್ತಿದಾಗ ಮೈಸೂರು, ಬೆಂಗಳೂರಿನಿಂದ ಸ್ವಯಂಸೇವಕರು ಓಡಿ ಬಂದು ಸೊಪ್ಪು ಹಿಡಿದು ಬೆಂಕಿ ಬಡಿದರು. ಅವರನ್ನು ಮೆಚ್ಚಲೇಬೇಕು. ಆದರೂ ಒಂದು ಮಾತು ಕೇಳಬೇಕು: ಉರಿಯುವಾಗ ಬಂದಷ್ಟು ಜನ, ಉರಿಯುವ ಮೊದಲು ಬಂದಿದ್ದರೆ?

ಆಸ್ಟ್ರೇಲಿಯಾದವರು ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತರು. 1983ರ ಫೆಬ್ರುವರಿ 16, ವಿಭೂತಿ ಬುಧವಾರ. ಅಂದಿನ ಕಾಳ್ಗಿಚ್ಚಿನಲ್ಲಿ 75 ಜನ ಸತ್ತರು. ಎಲ್ಲ ಮನೆಗೂ ಅಗ್ನಿಶಾಮಕ ವಾಹನ ಒಮ್ಮೆಗೇ ತಲುಪಲಾರದು ಎಂದು ಅರಿವಾಯಿತು. ಹತ್ತು ವರ್ಷಗಳ ನಂತರ ವಿಕ್ಟೋರಿಯಾ ರಾಜ್ಯದಲ್ಲಿ ಕೇರಿಯವರೇ ಗುಂಪು ಕಟ್ಟಿಕೊಂಡು ಸಿದ್ಧರಾಗುವ ಕ್ರಮ ಆರಂಭವಾಯಿತು. ಅಮೆರಿಕದಲ್ಲೂ 2002ರಿಂದ ಇಂಥದೇ ಯೋಜನೆ ನಡೆದಿದೆ. ನಮ್ಮಲ್ಲಿ 1993ರ ಸರ್ಕಾರಿ ಆದೇಶದಿಂದ ಹುಟ್ಟಿದ ಗ್ರಾಮ ಅರಣ್ಯ ಸಮಿತಿಗಳಿಗೂ ಕಾಡನ್ನು ಬೆಂಕಿಯಿಂದ ಕಾಯುವ ಹೊಣೆಯಿದೆ.

ಈ ಕೇರಿಯ ಮುಂದಾಳು ಮಾಡುವ ಕೆಲಸ ದೊಡ್ಡದೇನಲ್ಲ. ಮನೆಯ ಸುತ್ತ ಕಸಕಡ್ಡಿ ಗುಡಿಸಿಸುವುದು, ಬಣವೆ ದೂರ ಹಾಕಿಸುವುದು, ಮುಳ್ಳುಬೇಲಿಯ ಪಕ್ಕದ ಹುಲ್ಲು ಕೊಯ್ಸಿ ಬೆಂಕಿಗೆ ತಡೆಗೆರೆ ಮಾಡಿಸುವುದು, ನಡೆಯಲಾರದ ಅಜ್ಜಿಯನ್ನು ಯಾರು ಎತ್ತಿಕೊಂಡು ಹೋಗಬೇಕೆಂದು ಮೊದಲೇ ಗೊತ್ತುಮಾಡುವುದು. ಇಷ್ಟೇ.

ಕಷ್ಟವಿರುವುದು ಬೇರೆ ಕಡೆ. ಅವನಿಗೆ ಸಂಬಳವಿಲ್ಲ, ಅಧಿಕಾರವಿಲ್ಲ. ಬಾಗಿಲು ತಟ್ಟಿದರೆ ‘ನೀನ್ಯಾವ ದೊಡ್ಡ ಮನುಷ್ಯ?’ ಎಂಬ ಮಾತು ಬರುತ್ತದೆ. ಇನ್ನೊಂದು ಕಷ್ಟ ಇದಕ್ಕಿಂತ ಸೂಕ್ಷ್ಮವಾದದ್ದು. ಬೆಂಕಿ ಬೀಳದಿದ್ದರೆ ಅವನ ಶ್ರಮ ಯಾರಿಗೂ ಕಾಣುವುದಿಲ್ಲ. ‘ಏನೂ ಆಗಲಿಲ್ಲವಲ್ಲ, ಸುಮ್ಮನೆ ಹೆದರಿಸಿದ’ ಎನ್ನುತ್ತಾರೆ. ಬೆಂಕಿ ಆರಿಸಿದವನಿಗೆ ಹಾರವುಂಟು. ಬೆಂಕಿ ಬೀಳದಂತೆ ನೋಡಿಕೊಂಡವನಿಗೆ ಹಾರವಿಲ್ಲ. ಹೊಗಳಿಕೆ ಸಿಗದಿದ್ದರೂ ಮಾಡುವ ಉಪಕಾರವೇ ಪ್ರೀತಿಯ ನಿಜವಾದ ಪರೀಕ್ಷೆಯಲ್ಲವೇ?

ಹಾಗಾದರೆ ಪರರ ಅಂಗಳಕ್ಕೆ ಕಾಲಿಡುವ ಹಕ್ಕು ನಮಗೆಲ್ಲಿಂದ ಬಂತು? ಅವರ ಕಿಡಿ ನಮ್ಮ ಸೂರಿಗೂ ಹಾರುತ್ತದೆ, ನಮ್ಮದು ಅವರ ಸೂರಿಗೂ ಹಾರುತ್ತದೆ. ಹಕ್ಕು ಹುಟ್ಟುವುದು ಅಲ್ಲಿಂದ. ಆದರೆ ಅದಕ್ಕೆ ಎರಡು ಕಟ್ಟಳೆಗಳಿವೆ. ಮೊದಲು ನಮ್ಮ ಅಂಗಳ ಗುಡಿಸಿರಬೇಕು. ಆಮೇಲೆ ಹೇಳುವುದಕ್ಕಿಂತ ಮುಂಚೆ ಕೇಳಬೇಕು. ಹೊಸ ಚಿಗುರು ಬರಲೆಂದು ಹುಲ್ಲಿಗೆ ಬೆಂಕಿ ಇಡುವ ಕುರಿಗಾಹಿ ದುಷ್ಟನಲ್ಲ. ಅವನ ಕುರಿ ಹಸಿದಿದೆ. ಅವನನ್ನು ಕಳ್ಳನಂತೆ ಕಂಡರೆ ಅವನು ರಾತ್ರಿ ಹಚ್ಚುತ್ತಾನೆ. ಜೊತೆಗೆ ಕೂರಿಸಿಕೊಂಡು ಮೇವಿನ ದಾರಿ ಹುಡುಕಿದರೆ ಅವನೇ ಒಳ್ಳೆಯ ಕಾವಲುಗಾರನಾಗುತ್ತಾನೆ. ಬಯಲನ್ನು ಅವನಷ್ಟು ಬಲ್ಲವರು ಯಾರಿದ್ದಾರೆ?

ನಿಮ್ಮ ಊರಿನಲ್ಲಿ ಕಾವಲು ಇಲ್ಲದಿರಬಹುದು. ಪಕ್ಕದ ಮನೆಯಂತೂ ಇದೆ. ಬೇಸಿಗೆ ಬರುವ ಮುನ್ನ ಒಂದು ಸಂಜೆ ಆ ಬಾಗಿಲು ತಟ್ಟಿ. ಬಣವೆಯ ಮಾತು ಆಮೇಲೆ ಬರಲಿ. ಮೊದಲು ಕ್ಷೇಮ ವಿಚಾರಿಸಿ.