ಕಾಣುವ ಹೊಗೆ, ಕಾಣದ ಹೊಗೆ

ಕುಕ್ಕುವಾಡದ ನಮ್ಮ ಮನೆಯಲ್ಲಿ ಪವರ್ ಟಿಲ್ಲರ್ ನಿಲ್ಲುವುದು ಜಗಲಿಯ ಪಕ್ಕದಲ್ಲೇ. ಬೆಳಿಗ್ಗೆ ಅದನ್ನು ಚಾಲೂ ಮಾಡಿದರೆ ಮೊದಲು ಏಳುವುದು ಕರಿ ಹೊಗೆ, ಆಮೇಲೆ ಅವ್ವನ ಕೆಮ್ಮು, ಅದರ ಹಿಂದೆಯೇ ಬೈಗುಳ. ಒಣಹಾಕಿದ ಬಿಳಿ ಪಂಚೆಯ ಮೇಲೆ ಮಸಿ ಕೂತರಂತೂ ಆ ದಿನ ನನಗೆ ರೊಟ್ಟಿ ದಕ್ಕುವುದು ಕಷ್ಟ.

ಒಮ್ಮೆ ಗೆಳೆಯನೊಬ್ಬ ಹೊಂಗೆ ಎಣ್ಣೆಯಿಂದ ತಯಾರಿಸಿದ ಡೀಸೆಲ್ ಒಂದು ಕ್ಯಾನು ತಂದುಕೊಟ್ಟ. ಹೊಂಗೆ ನಮಗೇನು ಹೊಸದೇ? ಅಜ್ಜಿಯ ಕಾಲಕ್ಕೆ ದೀಪಕ್ಕೆ ಅದೇ ಎಣ್ಣೆ, ಗದ್ದೆಗೆ ಅದೇ ಸೊಪ್ಪು. ಎಂಜಿನ್ನಿಗೂ ಹೊಸದಲ್ಲ, 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನೊಂದು ಶೇಂಗಾ ಎಣ್ಣೆಯಲ್ಲೇ ಓಡಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಎಂಜಿನ್ ಓಡಿಸಿ ತೋರಿಸಿ ಎರಡು ದಶಕಗಳೇ ಕಳೆದಿವೆ. ಟ್ಯಾಂಕು ಖಾಲಿಯಿತ್ತು, ಸುರಿದೆ. ಹೊಗೆ ತಿಳಿಯಾಯಿತು. "ಹೊಗಿ ಕಮ್ಮಿ ಆತಲ್ಲೋ, ಪುಣ್ಯ ಬರ್ಲಿ ನಿಂಗೆ" ಎಂದಳು ಅವ್ವ.

ಆ ಪುಣ್ಯದಿಂದ ನನಗೆ ಇರಿಸುಮುರಿಸಾಯಿತು. ಈ ಎಣ್ಣೆಯೊಳಗೇ ಆಮ್ಲಜನಕ ಇರುವುದರಿಂದ ಅದು ಹೆಚ್ಚು ಪೂರ್ಣವಾಗಿ ಉರಿಯುತ್ತದೆ, ಮಸಿ ಕಡಿಮೆ, ಸರಿಯೇ. ಆದರೆ ಸಿಲಿಂಡರಿನ ಕಾವಿನಲ್ಲಿ ಗಾಳಿಯ ಸಾರಜನಕ ಆಮ್ಲಜನಕಗಳು ಕೂಡಿ ಹುಟ್ಟುವ ನೈಟ್ರೋಜನ್ ಆಕ್ಸೈಡುಗಳಿವೆಯಲ್ಲ, ಅವು ತುಸು ಹೆಚ್ಚೇ ಆಗಬಹುದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2002ರಲ್ಲಿ ಹಲವು ಪರೀಕ್ಷೆಗಳನ್ನು ಒಟ್ಟುಹಾಕಿ ನೋಡಿದಾಗ, ಬರಿಯ ಜೈವಿಕ ಡೀಸೆಲ್ಲಿನಲ್ಲಿ ಮಸಿಯಂಥ ಕಣಗಳು ಸುಮಾರು ಶೇ. 47 ಇಳಿದಿದ್ದವು, ಈ ಆಕ್ಸೈಡುಗಳು ಶೇ. 10 ಏರಿದ್ದವು. ಅದು ಅಲ್ಲಿನ ಲಾರಿ ಎಂಜಿನ್ನುಗಳ, ಹೆಚ್ಚಾಗಿ ಸೋಯಾ ಎಣ್ಣೆಯ ಲೆಕ್ಕ. ನಮ್ಮ ಟಿಲ್ಲರಿನದು ಬೇರೆಯೇ ಇದ್ದೀತು. ಅರ್ಧ ಕಳೆದು ಹತ್ತರಲ್ಲೊಂದು ಕೂಡಿದರೆ ಲಾಭವೇ ತಾನೆ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಸಮಾಧಾನ ಹೇಳಿಕೊಂಡೆ. ಆದರೆ ಮಸಿ ಪಂಚೆಯ ಮೇಲೆ ಕೂತು ಚಾಡಿ ಹೇಳುತ್ತದೆ. ಇದು ಹೇಳುವುದಿಲ್ಲ, ಸುಮ್ಮನೆ ಎದೆಗಿಳಿಯುತ್ತದೆ. ಕಂಡದ್ದು ಕಡಿಮೆಯಾಯಿತೆಂದು ಆಶೀರ್ವಾದ ಪಡೆದವನು ಕಾಣದ್ದರ ಲೆಕ್ಕವನ್ನೂ ಒಪ್ಪಿಸಬೇಕೋ, ಬೇಡವೋ?

ಎರಡು ದಿನ ತಡೆದು ಅವ್ವನಿಗೆ ಹೇಳಿಬಿಟ್ಟೆ. ಅವಳೇನೂ ಗಾಬರಿಯಾಗಲಿಲ್ಲ. "ಹಂಗಾದ್ರೆ ಜಗಲಿ ಮುಂದೆ ಚಾಲೂ ಮಾಡಬ್ಯಾಡ, ಗದ್ದಿತಂಕ ತಳ್ಳಿಕೊಂಡು ಹೋಗು" ಎಂದಳು.

ಮರುದಿನ ಬೆವರು ಸುರಿಸುತ್ತ ಟಿಲ್ಲರನ್ನು ಭದ್ರಾ ನಾಲೆಯ ಏರಿಯತನಕ ತಳ್ಳಿ ಅಲ್ಲಿ ಚಾಲೂ ಮಾಡಿದೆ. ಪಕ್ಕದ ಗದ್ದೆಯಲ್ಲಿ ಏಳೆಂಟು ಹೆಂಗಸರು ಬಗ್ಗಿ ನಾಟಿ ಮಾಡುತ್ತಿದ್ದರು. ಮೊದಲಾಗಿದ್ದರೆ ಸೆರಗನ್ನು ಮೂಗಿಗೆ ಹಿಡಿಯುತ್ತಿದ್ದರು. ಅಂದು ಯಾರೂ ಹಿಡಿಯಲಿಲ್ಲ.